ಇಲ್ಲದ ದೇಶದ ಹಾಡು ಹುಡುಕುತ್ತ ಬೆಲ್‌ಗ್ರೇಡಿನಲ್ಲಿ ಏಳು ದಿನ

ಮೊದಲ ದಿನ: ಅಕ್ಟೋಬರ್ 30, 2019, ಬುಧವಾರ

ದೀಪಾವಳಿಯ ಹಣತೆಗಳನ್ನು ತೊಳೆದು ಒಳಗಿಟ್ಟ ಮರುದಿನವೇ ಬೆಂಗಳೂರು ಬಿಟ್ಟ ನಾವಿಬ್ಬರೂ ದೋಹಾದಲ್ಲಿ ವಿಮಾನ ಬದಲಿಸಿ, ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡಿನ ನಿಕೊಲಾ ಟೆಸ್ಲಾ ವಿಮಾನ ನಿಲ್ದಾಣದಲ್ಲಿ ಇಳಿದಾಗ ಹೊರಗೆ ಮಂಜು ಕವಿದಿತ್ತು. ಭಾರತದ ಪಾಸ್‌ಪೋರ್ಟ್ ಉಳ್ಳವರು ವೀಸಾ ಇಲ್ಲದೆ ಮೂವತ್ತು ದಿನ ಇದ್ದು ಬರಬಹುದು ಎಂಬ ಸವಲತ್ತು ಸರ್ಬಿಯಾದಲ್ಲಿ 2017ರಿಂದ ಇತ್ತು; 2023ರ ಆರಂಭದಲ್ಲಿ ಅದು ನಿಂತುಹೋಯಿತು. ಆ ಸವಲತ್ತು ಇರದಿದ್ದರೆ ಒಂದು ರಾಕ್ ತಂಡದ ಜಾಡು ಹಿಡಿದು ಇಷ್ಟು ದೂರ ಬರುವ ಧೈರ್ಯ ನನಗೆ ಬರುತ್ತಿರಲಿಲ್ಲ. ‘ಪ್ರವಾಸದ ಉದ್ದೇಶ’ ಎಂದು ಅಧಿಕಾರಿ ಕೇಳಿದಾಗ ‘ಎಕತರೀನಾ ವೆಲಿಕಾ’ ಎಂದೆ. ಆತ ತಲೆಯೆತ್ತಿ ನನ್ನನ್ನೂ, ಹಿಂದೆ ನಿಂತಿದ್ದ ನನ್ನ ಹೆಂಡತಿಯನ್ನೂ ನೋಡಿ, ಮುದ್ರೆ ಒತ್ತಿ ಕಳಿಸಿದ.

ಎಕತರೀನಾ ವೆಲಿಕಾ, ಅಭಿಮಾನಿಗಳ ಬಾಯಲ್ಲಿ ‘ಎ-ಕಾ-ವೆ’, 1982ರಿಂದ 1994ರವರೆಗೆ ಬೆಲ್‌ಗ್ರೇಡಿನಲ್ಲಿದ್ದ ತಂಡ. ಹನ್ನೆರಡು ವರ್ಷಗಳ ಹಿಂದೆ ಸಹೋದ್ಯೋಗಿಯೊಬ್ಬ ರಾತ್ರಿ ಪಾಳಿಯಲ್ಲಿ ತನ್ನ ಕಂಪ್ಯೂಟರಿನಿಂದ ಹಾಕುತ್ತಿದ್ದ ಹಾಡುಗಳ ಮೂಲಕ ಅದು ನನಗೆ ಪರಿಚಯವಾಯಿತು. ಮಾತು ಒಂದೂ ಅರ್ಥವಾಗದಿದ್ದರೂ ಆ ಗಾಯಕನ ಸ್ವರದಲ್ಲಿ ಎಚ್ಚರಿಕೆಯೂ ದುಃಖವೂ ಕೂಡಿದ್ದ ಒಂದು ಗುಣವಿತ್ತು, ಅದು ನನ್ನನ್ನು ಬಿಡಲಿಲ್ಲ. ‘ಇದು ಯಾವ ದೇಶದ್ದು’ ಎಂದು ಕೇಳಿದ್ದಕ್ಕೆ ಅವನು ಸ್ವಲ್ಪ ಯೋಚಿಸಿ ‘ಈಗ ಹೇಳುವುದು ಕಷ್ಟ’ ಎಂದಿದ್ದ. ಉತ್ತರ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದು ಆಗ ಅನ್ನಿಸಿತ್ತು. ಈ ಪ್ರವಾಸದ ಉದ್ದಕ್ಕೂ ಅವನ ಮಾತು ಎಷ್ಟು ಕರಾರುವಾಕ್ಕಾಗಿತ್ತು ಎಂಬುದೇ ನನಗೆ ತಿಳಿಯುತ್ತ ಹೋಯಿತು.

ಎ-1 ಮಿನಿಬಸ್ಸಿನಲ್ಲಿ ತಲೆಗೆ 300 ದಿನಾರ್ ಕೊಟ್ಟು ಸ್ಲಾವಿಯಾ ವೃತ್ತದಲ್ಲಿ ಇಳಿದೆವು. ದಾರಿಯುದ್ದಕ್ಕೂ ಅಂಗಡಿಗಳ ಫಲಕಗಳಲ್ಲಿ ಒಂದೇ ಭಾಷೆ ಒಮ್ಮೆ ಸಿರಿಲಿಕ್ ಲಿಪಿಯಲ್ಲಿ, ಮತ್ತೊಮ್ಮೆ ಲ್ಯಾಟಿನ್ ಲಿಪಿಯಲ್ಲಿ ಕಾಣುತ್ತಿತ್ತು. ಊರಿನ ಹೆಸರು ಇಲ್ಲಿಯವರ ಬಾಯಲ್ಲಿ ‘ಬೆಯೊಗ್ರಾದ್’, ಅಂದರೆ ಬಿಳಿಯ ಊರು. ನಾಗಮಂಗಲದ ಕಡೆಯವರು ಅದನ್ನು ಸುಮ್ಮನೆ ಬೆಳ್ಳೂರು ಎಂದುಬಿಡುತ್ತಿದ್ದರೇನೋ. ಬಾಡಿಗೆ ಮನೆಯ ಯಜಮಾನಿ ನಾವು ಬಂದ ಕಾರಣ ಕೇಳಿ ನಕ್ಕರು. ಅವರ ಮುಂದೆ ನನಗೆ ಇಷ್ಟವಾದ ಆಲ್ಬಮ್ಮಿನ ಹೆಸರು ಹೇಳಹೋಗಿ ‘ಲ್ಜುಬಾವ್’ ಎಂದೆ. ‘ಲ್ಯುಬಾವ್’ ಎಂದು ಆಕೆ ತಿದ್ದಿದರು. ಹೆಸರಿನ ಅರ್ಥ ಪ್ರೀತಿ ಎಂದು ಗೊತ್ತಿದ್ದರೂ ನಾಲಿಗೆ ಮಾತ್ರ ತಿರುಗಲಿಲ್ಲ.

ಎರಡನೆಯ ದಿನ: ಅಕ್ಟೋಬರ್ 31, ಗುರುವಾರ

ಸ್ಲಾವಿಯಾದಿಂದ ಊರ ನಡುವಿನ ತೆರಾಜಿಯೆ ಚೌಕದ ಕಡೆಗೆ ಏರುವ ಕ್ರಾಲ್ಯಾ ಮಿಲಾನಾ ಬೀದಿಯಲ್ಲಿ ವಿದ್ಯಾರ್ಥಿ ಸಾಂಸ್ಕೃತಿಕ ಕೇಂದ್ರವಿದೆ. ಎಲ್ಲರೂ ಅದನ್ನು ‘ಎಸ್-ಕಾ-ತ್ಸೆ’ ಎನ್ನುತ್ತಾರೆ. 1895ರಲ್ಲಿ ಸೇನಾಧಿಕಾರಿಗಳ ಕ್ಲಬ್ಬಾಗಿ ಕಟ್ಟಿದ ಈ ಕಟ್ಟಡ 1971ರಲ್ಲಿ ವಿದ್ಯಾರ್ಥಿಗಳ ಕೈಗೆ ಬಂದ ಮೇಲೆ ಊರಿನ ಹೊಸ ಕಲೆಗೆಲ್ಲ ನೆಲೆಯಾಯಿತು. ಮರೀನಾ ಅಬ್ರಮೊವಿಚ್ 1974ರಲ್ಲಿ ಉರಿಯುವ ನಕ್ಷತ್ರದ ನಡುವೆ ಮಲಗಿದ ಪ್ರದರ್ಶನ ನಡೆದದ್ದು ಇಲ್ಲಿಯೇ. ಈಗ ಇಲ್ಲದ ಯುಗೊಸ್ಲಾವಿಯ ದೇಶದ ಅಧ್ಯಕ್ಷ ಟಿಟೋ 1980ರ ಮೇ ತಿಂಗಳಲ್ಲಿ ತೀರಿಕೊಂಡ ಹೊತ್ತಿಗೆ ಇಲ್ಲಿ ಸೇರುತ್ತಿದ್ದ ಇಪ್ಪತ್ತರ ಆಸುಪಾಸಿನ ಹುಡುಗರು ‘ನವ ಅಲೆ’ ಎಂದು ಹೆಸರಾದ ಹೊಸ ರಾಕ್ ಸಂಗೀತವನ್ನು ಕಟ್ಟುತ್ತಿದ್ದರು.

ಎಕತರೀನಾ ವೆಲಿಕಾದ ಕಥೆ ಶುರುವಾಗುವುದು ಅವರಲ್ಲಿನ ಒಂದು ಮೂವರ ತಂಡದಿಂದ. ಗಿಟಾರ್ ಮತ್ತು ಹಾಡುಗಾರಿಕೆಗೆ ಮಿಲಾನ್ ಮ್ಲಾದೆನೊವಿಚ್, ಬೇಸ್ ಗಿಟಾರಿಗೆ ‘ಕೊಯಾ’ ಎಂಬ ದುಶಾನ್ ಕೊಯಿಚ್, ಡ್ರಮ್ಸಿಗೆ ಇವಾನ್ ವ್ದೊವಿಚ್. ತಂಡದ ಹೆಸರು ಶಾರ್ಲೊ ಅಕ್ರೊಬಾತಾ, ಎಂದರೆ ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಯುಗೊಸ್ಲಾವ್ ಸಿನಿಮಾ ಮಂದಿರಗಳಲ್ಲಿ ಚಾರ್ಲಿ ಚಾಪ್ಲಿನ್‌ಗೆ ಇದ್ದ ಹೆಸರು. 1981ರಲ್ಲಿ ಇಡೊಲಿ ಮತ್ತು ಎಲೆಕ್ತ್ರಿಚ್ನಿ ಒರ್ಗಜಾಮ್ ತಂಡಗಳ ಜೊತೆ ಇವರ ಹಾಡುಗಳೂ ಸೇರಿದ ‘ಪಾಕೆತ್ ಅರಾನ್‌ಜ್ಮಾನ್’ ಸಂಕಲನ ಹೊರಬಂತು. ಅದೇ ವರ್ಷ ಇವರದೇ ಒಂದು ಆಲ್ಬಮ್ ಕೂಡ ಬಂತು. ವರ್ಷ ಕಳೆಯುವಷ್ಟರಲ್ಲಿ ತಂಡ ಒಡೆಯಿತು. ಬೇಸ್ ಮತ್ತು ಡ್ರಮ್ಸಿನ ಒರಟು ಹೊಡೆತವೇ ಸಂಗೀತ ಎಂದು ನಂಬಿದ್ದ ಕೊಯಾ ‘ದಿಸಿಪ್ಲಿನಾ ಕಿಚ್ಮೆ’ ಕಟ್ಟಲು ಹೋದ. ಸ್ವರಗಳ ಕಡೆಗೆ ವಾಲುತ್ತಿದ್ದ ಮಿಲಾನ್ ತನ್ನ ಶಾಲಾ ದಿನಗಳ ಗೆಳೆಯ, ‘ಗಾಗಿ’ ಎಂಬ ದ್ರಾಗೊಮಿರ್ ಮಿಹಾಯ್ಲೊವಿಚ್ ಜೊತೆ 1982ರಲ್ಲಿ ‘ಕತರೀನಾ ದ್ವಿತೀಯೆ’ಯನ್ನು ಆರಂಭಿಸಿದ. ಬೇಸಿಗೆ ಬೊಯಾನ್ ಪೆಚಾರ್, ಕೀಬೋರ್ಡಿಗೆ ಮಾರ್ಗಿತಾ ಸ್ತೆಫಾನೊವಿಚ್ ಬಂದರು. ಶಾರ್ಲೊ ಒಡೆಯದಿದ್ದರೆ ಏನಾಗುತ್ತಿತ್ತು ಎಂದು ಇಲ್ಲಿಯ ಸಂಗೀತಪ್ರಿಯರು ಇಂದಿಗೂ ಚರ್ಚಿಸುತ್ತಾರೆ. ಅದು ಒಡೆದದ್ದೇ ಒಳ್ಳೆಯದಾಯಿತು ಎಂಬ ಪಕ್ಷ ನನ್ನದು. ಒಂದು ತಂಡ ಹೋಗಿ ಎರಡು ಬಂದವು, ಎರಡೂ ಬೇರೆ ಬೇರೆ ದಾರಿ ಹಿಡಿದವು.

1984ರಲ್ಲಿ ಮೊದಲ ಆಲ್ಬಮ್ ಬಂದ ಮೇಲೆ ಗಾಗಿ ತಂಡ ಬಿಟ್ಟ. ‘ಕತರೀನಾ ದ್ವಿತೀಯೆ’ ಎಂಬ ಹೆಸರಿನ ಹಕ್ಕು ಅವನಲ್ಲಿತ್ತು. ಉಳಿದವರು ಜಗಳಕ್ಕೆ ನಿಲ್ಲದೆ, ಅದೇ ರಷ್ಯದ ರಾಣಿಯನ್ನು ಇನ್ನೊಂದು ಬಗೆಯಲ್ಲಿ ಕರೆದು ‘ಎಕತರೀನಾ ವೆಲಿಕಾ’, ಅಂದರೆ ಮಹಾ ಕ್ಯಾಥರೀನ್ ಎಂದು ಹೆಸರಿಟ್ಟುಕೊಂಡರು. ರಾಣಿ ಅವಳೇ, ಬಿರುದು ಮಾತ್ರ ಬೇರೆ. ನಮ್ಮ ನಾಟಕ ಕಂಪನಿಗಳು ಒಡೆದಾಗಲೂ ಹೆಸರಿಗಾಗಿ ಇಂತಹದೇ ಜಾಣತನ ನಡೆದದ್ದುಂಟು.

ಮಧ್ಯಾಹ್ನ ತೆರಾಜಿಯೆ ದಾಟಿ ಮಕೆದೊನ್ಸ್ಕಾ ಬೀದಿಯ ಯುವಜನ ಭವನಕ್ಕೆ ಹೋದೆವು. ಅದರ ಮುಂದಿನ ಸಣ್ಣ ಚೌಕಕ್ಕೆ ಈಗ ಮಿಲಾನ್ ಮ್ಲಾದೆನೊವಿಚ್‌ನ ಹೆಸರು. ಪ್ರತಿಮೆ, ಕಾರಂಜಿ ಏನೂ ಇಲ್ಲದ ಆ ಜಾಗದಲ್ಲಿ ಸಿಗರೇಟು ಸೇದುತ್ತ ನಿಂತ ಹುಡುಗರು ಮಾತ್ರ ಇದ್ದರು. ಅಲ್ಲಿಂದ ಸ್ವಲ್ಪ ದೂರದ ಒಂದು ನೆಲಮಾಳಿಗೆಯ ಅಂಗಡಿಯಲ್ಲಿ 1987ರ ‘ಲ್ಯುಬಾವ್’ ಎಲ್‌ಪಿ ಸಿಕ್ಕಿತು. ಬೆಲೆ 2,000 ದಿನಾರ್, ನಮ್ಮ ಲೆಕ್ಕದಲ್ಲಿ ಸುಮಾರು 1,300 ರೂಪಾಯಿ. ಅಂಗಡಿಯಾತ ತಟ್ಟೆಯನ್ನು ಹೊರತೆಗೆದು, ಬೆಳಕಿಗೆ ಓರೆಯಾಗಿ ಹಿಡಿದು, ಗೆರೆಗಳ ಮೇಲಿನ ಒಂದು ಕೂದಲೆಳೆಯಂತಹ ಗೀರನ್ನು ಬೆರಳು ತಾಗಿಸದೆ ತೋರಿಸಿ, ‘ಎರಡನೆಯ ಬದಿಯಲ್ಲಿ ಒಮ್ಮೆ ಟಿಕ್ ಎನ್ನುತ್ತದೆ, ಗೊತ್ತಿರಲಿ’ ಎಂದ. ಮಾರುವವನು ತಾನಾಗಿಯೇ ದೋಷ ಹೇಳಿದ್ದು ನೋಡಿ ನನ್ನ ಹೆಂಡತಿ ಚೌಕಾಸಿ ಮಾಡುವ ಯೋಚನೆಯನ್ನು ಬಿಟ್ಟಳು.

ತಟ್ಟೆಯ ನಡುವಿನ ಚೀಟಿಯಲ್ಲಿ ಅಚ್ಚಾದದ್ದು ಲ್ಯುಬ್ಲಿಯಾನಾ ಆಕಾಶವಾಣಿ ಮತ್ತು ದೂರದರ್ಶನದ ಮುದ್ರಿಕಾ ಸಂಸ್ಥೆಯ ಹೆಸರು. ಲ್ಯುಬ್ಲಿಯಾನಾ ಇಂದು ಸ್ಲೊವೇನಿಯಾದ ರಾಜಧಾನಿ. ‘ಪಾಕೆತ್ ಅರಾನ್‌ಜ್ಮಾನ್’ ಹೊರತಂದ ಯುಗೊತೊನ್ ಸಂಸ್ಥೆ ಇದ್ದದ್ದು ಇಂದಿನ ಕ್ರೊವೇಷಿಯಾದ ಜಾಗ್ರೆಬ್‌ನಲ್ಲಿ. ಮಿಲಾನ್ ಹುಟ್ಟಿದ್ದೂ ಜಾಗ್ರೆಬ್‌ನಲ್ಲಿಯೇ, 1958ರ ಸೆಪ್ಟೆಂಬರ್ 21ರಂದು. ತಂದೆ ಸರ್ಬಿಯಾದವರು, ಸೇನೆಯಲ್ಲಿದ್ದವರು; ತಾಯಿ ಕ್ರೊವೇಷಿಯಾದ ಕಡಲತೀರದ ಮಕಾರ್ಸ್ಕಾದವರು. ಆರನೆಯ ವಯಸ್ಸಿಗೆ ಇಂದಿನ ಬೋಸ್ನಿಯಾದ ಸರಾಯೆವೊ, ಹನ್ನೆರಡಕ್ಕೆ ಬೆಲ್‌ಗ್ರೇಡ್. ಆಗ ಇದೆಲ್ಲ ಒಂದೇ ದೇಶದೊಳಗಿನ ವರ್ಗಾವಣೆ, ಹುಬ್ಬಳ್ಳಿಯಿಂದ ಮೈಸೂರಿಗೆ ಹೋದಷ್ಟೇ ಸಹಜ. ಈಗ ಈ ಒಂದು ತಟ್ಟೆಯ ಕಥೆ ಹೇಳಲು ನಾಲ್ಕು ದೇಶಗಳ ಹೆಸರು ಬೇಕು. ‘ಸರ್ಬಿಯಾದ ತಂಡ’ ಎಂದು ಬರೆಯುವುದು ಅನುಕೂಲಕ್ಕಾಗಿ, ಅಷ್ಟೇ.

ಮೂರನೆಯ ದಿನ: ನವೆಂಬರ್ 1, ಶುಕ್ರವಾರ

ಬೆಳಿಗ್ಗೆ ಎದ್ದು ಫೋನ್ ನೋಡಿದರೆ ರಾಜ್ಯೋತ್ಸವದ ಶುಭಾಶಯಗಳು ತುಂಬಿದ್ದವು. ಒಂದೇ ಮಾತಾಡುವವರು ಹಲವು ಆಡಳಿತಗಳಲ್ಲಿ ಹಂಚಿಹೋಗಿ 1956ರಲ್ಲಿ ಒಂದು ರಾಜ್ಯವಾದದ್ದನ್ನು ನೆನೆಯುವ ದಿನ, ಪರಸ್ಪರರ ಮಾತು ಸಲೀಸಾಗಿ ಅರ್ಥವಾಗುವ ಜನ ಬೇರೆ ಬೇರೆ ದೇಶಗಳಾದ ನಾಡಿನಲ್ಲಿ ನಾನಿದ್ದೆ. ಆ ಯೋಚನೆಯನ್ನು ಅಲ್ಲಿಗೇ ಬಿಟ್ಟು, ಒಲೆಯ ಮೇಲೆ ಕಾಫಿ ಉಕ್ಕುವ ಮೊದಲು ಇಳಿಸಲು ಓಡಿದೆ.

ಆ ದಿನವನ್ನು ಮಾರ್ಗಿತಾ ಸ್ತೆಫಾನೊವಿಚ್‌ಗಾಗಿ ಇಟ್ಟಿದ್ದೆವು. ಇಡೀ ದೇಶ ಆಕೆಯನ್ನು ಕರೆಯುತ್ತಿದ್ದದ್ದು ‘ಮಾಗಿ’ ಎಂದು, ನಾವು ಮಾಗಿಯ ಚಳಿ ಎನ್ನುವಾಗ ಉಚ್ಚರಿಸುವ ಹಾಗೆಯೇ. ಆಕೆಯ ತಂದೆ ಸ್ಲಾವೊಲ್ಯುಬ್ ಸ್ತೆಫಾನೊವಿಚ್ ರವಾಸಿ ಹೆಸರಾಂತ ದೂರದರ್ಶನ ನಿರ್ದೇಶಕರು. ಚಿಕ್ಕಂದಿನಿಂದ ಪಿಯಾನೊ ಕಲಿತ ಆಕೆ ಸಂಗೀತ ಶಾಲೆ ಮುಗಿಸಿ, ಬೆಲ್‌ಗ್ರೇಡ್ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಓದಿ ಪದವಿ ಪಡೆದಿದ್ದಳು. ಆ ವಿಭಾಗವಿರುವುದು ಈಗ ಕ್ರಾಲ್ಯಾ ಅಲೆಕ್ಸಾಂದ್ರಾ ಎಂದು ಕರೆಯುವ, ಆಗ ಕ್ರಾಂತಿಯ ಹೆದ್ದಾರಿ ಎನ್ನಿಸಿಕೊಂಡಿದ್ದ ಮುಖ್ಯ ರಸ್ತೆಯ ತಾಂತ್ರಿಕ ವಿಭಾಗಗಳ ದೊಡ್ಡ ಕಟ್ಟಡದಲ್ಲಿ. ಮುಂದೆ ಕುಳಿತ ಟೆಸ್ಲಾ ಪ್ರತಿಮೆ ಇದೆ. ಕೆಳಗೆ ನೆಲಮಾಳಿಗೆಯಲ್ಲಿ ತಾಂತ್ರಿಕ ವಿದ್ಯಾರ್ಥಿಗಳ ಕ್ಲಬ್ ‘ಕಾ-ಎಸ್-ತೆ’. ಮೇಲೆ ನಕ್ಷೆ ಬರೆಯುವ ಮೇಜುಗಳು, ಕೆಳಗೆ ರಾತ್ರಿಯಿಡೀ ರಾಕ್. ನಾವು ಹೋದ ಹೊತ್ತಿನಲ್ಲಿ ಕ್ಲಬ್ಬಿನ ಬಾಗಿಲು ಮುಚ್ಚಿತ್ತು. ಮೆಟ್ಟಿಲ ಬಳಿ ಹಿಂದಿನ ರಾತ್ರಿಯ ಬಿಯರಿನ ವಾಸನೆ ಮಾತ್ರ ಸಿಕ್ಕಿತು.

ಎದುರಿನ ಕಾಫಿ ಅಂಗಡಿಯಲ್ಲಿ ಕುಳಿತು ಇಬ್ಬರೂ ಒಂದೊಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು 1986ರ ‘ಮುಖಕ್ಕೆ ಎದುರು ಗಾಳಿ’ ಎಂಬ ಅರ್ಥದ ಆಲ್ಬಮನ್ನು ಕೇಳಿದೆವು. ತಂಡ ಇಡೀ ಯುಗೊಸ್ಲಾವಿಯದಲ್ಲಿ ಮನೆಮಾತಾದದ್ದು ಇದರಿಂದ. ನನ್ನ ಹೆಂಡತಿ ಧಾರವಾಡದಲ್ಲಿ ಬೆಳೆದು, ಹತ್ತು ವರ್ಷ ಹಾರ್ಮೋನಿಯಂ ನುಡಿಸಿದವಳು. ರಾಕ್ ಎಂದರೆ ಅಷ್ಟಕ್ಕಷ್ಟೇ. ಮೂರನೆಯ ಹಾಡಿನ ಹೊತ್ತಿಗೆ ಕಪ್ಪನ್ನು ಪಕ್ಕಕ್ಕೆ ಸರಿಸಿದಳು.

‘ರೀ, ಇನ್ನೊಮ್ಮೆ ಹಚ್ರಿ ಅದನ್ನ. ಈಕಿ ಸಾಥ್ ಕೊಡವಲ್ಲಳು.’

‘ಹಾಗಂದರೆ?’

‘ಸಾಥ್ ಅಂದ್ರ ಹಾಡವ್ರ ಬೆನ್ನಿಂದ ಹೋಗೂದು. ಈಕಿ ಎದುರು ನಿಂತು ಮಾತಾಡ್ತಾಳ. ಅಂವ ಬಿಟ್ಟಲ್ಲಿ ತುಂಬಂಗಿಲ್ಲ, ಅಂವ ಹಾಡೂ ಮುಂದನ ಬ್ಯಾರೆ ಏನೋ ಹೇಳ್ತಾಳ.’

ಹನ್ನೆರಡು ವರ್ಷ ಕೇಳಿದ ಹಾಡಿನಲ್ಲಿ ನಾನು ಗಮನಿಸದೆ ಹೋದ ಸಂಗತಿ ಅದು. ಗಿಟಾರ್ ಒಂದೇ ಸಮನೆ ತಂತಿಗಳನ್ನು ಮೊಳಗಿಸುತ್ತ ಒಂದು ಗೋಡೆ ಕಟ್ಟುತ್ತದೆ. ಪೆಚಾರ್‌ನ ಬೇಸ್ ಕೆಳಗಿನಿಂದ ತನ್ನದೇ ರಾಗ ಹಾಡುತ್ತದೆ. ಮಾಗಿಯ ಕೀಬೋರ್ಡ್ ಆ ಗೋಡೆಯಲ್ಲಿ ಕಿಟಕಿ ತೆರೆಯುತ್ತದೆ, ಒಮ್ಮೊಮ್ಮೆ ಬೇಕಂತಲೇ ಮುಚ್ಚುತ್ತದೆ. ಆಕೆ ಬರೀ ಪಿಯಾನೊ ಕಲಿತವಳಲ್ಲ, ಕಟ್ಟಡ ಕಟ್ಟುವುದನ್ನು ಓದಿದವಳು ಎಂಬುದು ಇಲ್ಲಿ ನೆನಪಿಗೆ ಬರುತ್ತದೆ. ಅಂದು ಮುಂಜಾನೆಯಿಂದ ಬೀಸುತ್ತಿದ್ದ ‘ಕೊಶಾವಾ’ ಎಂಬ ಆಗ್ನೇಯದ ಗಾಳಿ, ಕಾಫಿ ಅಂಗಡಿಯಿಂದ ಹೊರಬಂದೊಡನೆ ನೆತ್ತಿಯಿಂದ ಮಫ್ಲರನ್ನು ಕಿತ್ತುಕೊಳ್ಳಲು ನೋಡಿತು. ಆ ಆಲ್ಬಮ್ಮಿನ ಹೆಸರಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಹಿಂದಿರುಗುವಾಗ ತಾಶ್ಮಾಯ್ದಾನ್ ಉದ್ಯಾನದ ಬದಿಯಲ್ಲಿ, 1999ರ ಏಪ್ರಿಲ್ 23ರ ನೇಟೊ ಬಾಂಬ್ ದಾಳಿಯಲ್ಲಿ ಅರ್ಧ ಕುಸಿದು ಹಾಗೆಯೇ ಉಳಿಸಿರುವ ದೂರದರ್ಶನ ಕಟ್ಟಡವನ್ನು ನೋಡಿದೆವು. ಅಲ್ಲಿ ಸತ್ತ 16 ನೌಕರರ ಹೆಸರಿರುವ ಕಲ್ಲಿನ ಮೇಲೆ ‘ಏಕೆ?’ ಎಂಬ ಒಂದೇ ಪ್ರಶ್ನೆ ಕೆತ್ತಿದೆ. ತಂಡದ ಕೊನೆಯ ಮೂರು ಆಲ್ಬಮ್‌ಗಳು ಹೊರಬಂದದ್ದು ಇದೇ ಸಂಸ್ಥೆಯ ಮುದ್ರಿಕಾ ವಿಭಾಗದಿಂದ.

ನಾಲ್ಕನೆಯ ದಿನ: ನವೆಂಬರ್ 2, ಶನಿವಾರ

ನೊವೊ ಗ್ರೊಬ್ಲೆ, ಅಂದರೆ ಹೊಸ ಸ್ಮಶಾನಕ್ಕೆ ಹೋಗಲು ನಾವು ಶನಿವಾರವನ್ನು ಆರಿಸಿಕೊಂಡದ್ದು ಆಕಸ್ಮಿಕ. ರೂಜ್ವೆಲ್ತೊವಾ ಬೀದಿಯಲ್ಲಿ ಟ್ರಾಮಿನಿಂದ ಇಳಿದರೆ ಜಾತ್ರೆಯಷ್ಟು ಜನ. ಸೇವಂತಿಗೆ ಹೂಗಳ ರಾಶಿ, ಜೇನುಮೇಣದ ತೆಳ್ಳನೆಯ ಹಳದಿ ಮೇಣದಬತ್ತಿಗಳ ಕಟ್ಟುಗಳು, ಅವುಗಳ ನಡುವೆ ಚೌಕಾಸಿ. ಆ ದಿನ ‘ಜಾದುಶ್ನಿತ್ಸೆ’ ಎಂದು ಗೇಟಿನ ಬಳಿ ಹೂ ಮಾರುತ್ತಿದ್ದ ಅಜ್ಜಿ ತಿಳಿಸಿದರು. ನವೆಂಬರ್ 8ರ ಸಂತ ದಿಮಿತ್ರಿಯ ಹಬ್ಬಕ್ಕೆ ಮುಂಚಿನ ಶನಿವಾರ ಸತ್ತವರನ್ನು ನೆನೆಯುವ ಪದ್ಧತಿ ಇಲ್ಲಿಯದು. ನಮ್ಮ ಮಹಾಲಯ ಅಮಾವಾಸ್ಯೆ ಹೋಗಿ ತಿಂಗಳಾಗಿತ್ತಷ್ಟೆ.

ಒಂದು ಕುಟುಂಬ ಗೋರಿಯ ಕಲ್ಲಿನ ಮೇಲೆ ಕರವಸ್ತ್ರ ಹಾಸಿ ತಿಂಡಿ ಬಡಿಸಿಕೊಂಡಿತ್ತು. ಸುಮ್ಮನೆ ನೋಡುತ್ತ ನಿಂತ ನಮಗೂ ಆ ಮನೆಯ ಹಿರಿಯಾಕೆ ಚಮಚದಲ್ಲಿ ಏನನ್ನೋ ನೀಡಿದರು. ಬೇಯಿಸಿ ಅರೆದ ಗೋಧಿಗೆ ಸಕ್ಕರೆ, ಅಕ್ರೋಟಿನ ಪುಡಿ ಬೆರೆಸಿದ ಅದನ್ನು ‘ಝಿತೊ’ ಎನ್ನುತ್ತಾರೆ. ‘ಹುಗ್ಗಿ ಇದ್ದಂಗ ಐತಿ, ಬೆಲ್ಲ ಇಲ್ಲ ಅಷ್ಟ’ ಎಂದು ಇವಳು ಕಿವಿಯಲ್ಲಿ ಹೇಳಿದಳು. ಯಾರ ಸಮಾಧಿಗೆ ಬಂದಿರಿ ಎಂದು ಆಕೆ ಕೇಳಿದಾಗ ಮಿಲಾನ್ ಹೆಸರು ಹೇಳಿದೆ. ಆಕೆ ಕೈಯೆತ್ತಿ ದಿಕ್ಕು ತೋರಿಸಿದರು, ಬಂಧುವಿನ ಮನೆ ತೋರಿಸುವ ಹಾಗೆ.

1994ರ ಆಗಸ್ಟ್ 24ರಂದು ಮಾಂಟೆನೆಗ್ರೊದ ಬುದ್ವಾದಲ್ಲಿ ನಡೆದ ಸಂಗೀತೋತ್ಸವದಲ್ಲಿ ಹಾಡಿದ್ದೇ ಅವನ ಕಡೆಯ ಕಛೇರಿ. ಅದಾದೊಡನೆ ಆಸ್ಪತ್ರೆ ಸೇರಿದ. ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್. ನವೆಂಬರ್ 5ರಂದು ತೀರಿಕೊಂಡಾಗ ವಯಸ್ಸು 36. ತಂಡ ಅಂದೇ ಮುಗಿಯಿತು. ಶಾರ್ಲೊ ಕಾಲದಿಂದ ಜೊತೆಗಿದ್ದ, ಮೊದಲ ಆಲ್ಬಮ್ಮಿಗೆ ಡ್ರಮ್ಸ್ ನುಡಿಸಿದ ವ್ದೊವಿಚ್ ಅದಕ್ಕೂ ಎರಡು ವರ್ಷ ಮುಂಚೆಯೇ ಹೋಗಿದ್ದ. 1990ರಲ್ಲಿ ತಂಡ ಬಿಟ್ಟು ಲಂಡನ್ನಿಗೆ ಹೋದ ಪೆಚಾರ್ 1998ರಲ್ಲಿ ಅಲ್ಲಿಯೇ, 38ನೆಯ ವಯಸ್ಸಿಗೆ, ಹೃದಯಾಘಾತದಿಂದ ಸತ್ತ. ಮಾಗಿ 2002ರ ಸೆಪ್ಟೆಂಬರ್ 18ರಂದು, 43ನೆಯ ವಯಸ್ಸಿನಲ್ಲಿ. ಇಷ್ಟು ಸಾವುಗಳಿರುವುದರಿಂದ ‘ಶಾಪಗ್ರಸ್ತ ತಂಡ’ ಎಂಬ ಮಾತು ಎಲ್ಲೆಡೆ ಚಾಲ್ತಿಯಲ್ಲಿದೆ. ಅದು ನನಗೆ ಹಿಡಿಸುವುದಿಲ್ಲ. ಹೆರಾಯಿನ್ ಆ ಪೀಳಿಗೆಯ ಬೆಲ್‌ಗ್ರೇಡನ್ನು ಹೇಗೆ ತಿಂದಿತು, ಯುಗೊಸ್ಲಾವಿಯ ಒಡೆದಾಗಿನ ಯುದ್ಧ ಮತ್ತು ವಿಶ್ವಸಂಸ್ಥೆಯ ದಿಗ್ಬಂಧನದ ವರ್ಷಗಳಲ್ಲಿ ಅಲ್ಲಿಯ ಜನ ಹೇಗೆ ಬದುಕಿದರು ಎಂಬ ಕಷ್ಟದ ಪ್ರಶ್ನೆಗಳನ್ನು ಶಾಪದ ಮಾತು ಮುಚ್ಚಿಹಾಕುತ್ತದೆ.

ಸಮಾಧಿಯ ಬಳಿ ಆಗಲೇ ಹಲವು ಬತ್ತಿಗಳು ಉರಿಯುತ್ತಿದ್ದವು. ಗಾಳಿಗೆ ನಮ್ಮದು ಎರಡು ಸಲ ಆರಿತು. ಮೂರನೆಯ ಸಲ ಇವಳು ಸೆರಗು ಅಡ್ಡ ಹಿಡಿಯುವ ಅಭ್ಯಾಸಬಲದಿಂದ ಕೋಟಿನ ಅಂಚನ್ನು ಅಡ್ಡ ಹಿಡಿದಳು.

ಐದನೆಯ ದಿನ: ನವೆಂಬರ್ 3, ಭಾನುವಾರ

ಸಾವಾ ನದಿ ಡ್ಯಾನ್ಯೂಬನ್ನು ಕೂಡುವ ಕಲೆಮೆಗ್ದಾನ್ ಕೋಟೆಯ ದಾರಿಯಲ್ಲಿ ಹಳೆಯ ನಾಣ್ಯ, ಸೇನಾ ಬ್ಯಾಡ್ಜು, ಟಿಟೋ ಚಿತ್ರಗಳನ್ನು ಮಾರುವವರ ಸಾಲು. ಅಲ್ಲಿ ನಾನು ಒಂದು ನೋಟು ಕೊಂಡೆ: 1993ರಲ್ಲಿ ಅಚ್ಚಾದ 500,000,000,000 ದಿನಾರ್. ನಮ್ಮ ಲೆಕ್ಕದಲ್ಲಿ ಐವತ್ತು ಸಾವಿರ ಕೋಟಿ. ಸೊನ್ನೆಗಳನ್ನು ಎಣಿಸಲು ಉಗುರು ಇಟ್ಟು ಸರಿಸಿಕೊಂಡು ಹೋಗಬೇಕು. ಒಂದೆರಡು ಸಲ ತಪ್ಪಿದೆ. ನೋಟಿನ ಮೇಲೆ ಉದ್ದ ಗಡ್ಡದ ಕವಿ ಯೊವಾನ್ ಯೊವಾನೊವಿಚ್ ಜ್ಮಾಯ್. 1994ರ ಜನವರಿಯ ಒಂದೇ ತಿಂಗಳಲ್ಲಿ ಬೆಲೆಗಳು 31 ಕೋಟಿ ಪ್ರತಿಶತಕ್ಕೂ ಮೀರಿ ಏರಿದವು ಎಂಬುದು ದಾಖಲೆ. ಬೆಳಿಗ್ಗೆಯ ಸಂಬಳಕ್ಕೆ ಸಂಜೆ ಏನೂ ಬಾರದ ದಿನಗಳು. ತಂಡದ ಕೊನೆಯ ಆಲ್ಬಮ್, ‘ಯಾರೋ ನಮ್ಮನ್ನು ಗಮನಿಸುತ್ತಿದ್ದಾರೆ’ ಎಂಬ ಅರ್ಥದ್ದು, ಬಂದದ್ದು ಈ ನೋಟಿನ ವರ್ಷದಲ್ಲಿ. ಆ ಆಲ್ಬಮ್ ಹಿಂದಿನವುಗಳಷ್ಟು ಬಿಗಿಯಾಗಿಲ್ಲ ಎಂದು ನನಗೆ ಮೊದಲಿನಿಂದ ಅನ್ನಿಸುತ್ತಿತ್ತು. ಆ ನೋಟನ್ನು ಕೈಯಲ್ಲಿ ಹಿಡಿದ ಮೇಲೆ, ಆ ವರ್ಷ ಒಂದು ಆಲ್ಬಮ್ ಬಂದದ್ದೇ ದೊಡ್ಡದು ಎನಿಸಿತು.

ಹಿಂದಕ್ಕೆ ಹೋಗಿ ಹೇಳುವುದಾದರೆ, 1989ರ ‘ಸಮೊ ಪಾರ್ ಗೊದಿನಾ ಜಾ ನಾಸ್’ ಎಂಬ ಆಲ್ಬಮ್ಮಿನ ಹೆಸರಿಗೆ ‘ನಮಗಿರುವುದು ಇನ್ನು ಕೆಲವೇ ವರ್ಷ’ ಎಂದರ್ಥ. ಆಗ ಮೂಲೆಯ ಅಂಗಡಿಯಲ್ಲಿ ಇನ್ನೂ ಲ್ಯುಬ್ಲಿಯಾನಾದ ಬಿಸ್ಕತ್ತು, ಜಾಗ್ರೆಬ್‌ನ ಚಾಕೊಲೇಟು ಸಿಗುತ್ತಿದ್ದ ಕಾಲ. ಎರಡು ವರ್ಷಕ್ಕೆ ದೇಶ ಒಡೆಯಿತು. ಆ ಹೆಸರಿಗೆ ಹೋಲುವ ಹಾಡನ್ನೇ 2006ರಲ್ಲಿ ಬಿ-92 ರೇಡಿಯೊದ ಶ್ರೋತೃಗಳು ಈ ನೆಲದ ಅತ್ಯುತ್ತಮ ಹಾಡು ಎಂದು ಮತ ಹಾಕಿ ಮೊದಲ ಸ್ಥಾನಕ್ಕೆ ಏರಿಸಿದರು. ಭವಿಷ್ಯವಾಣಿ ಎಂದು ಅದನ್ನು ಕೊಂಡಾಡುವುದುಂಟು. ನಾನು ಕೇಳಿದಾಗಲೆಲ್ಲ ಅದು ಪ್ರೇಮಗೀತೆಯೆಂದೇ ಕೇಳಿಸುತ್ತದೆ. ಉಳಿದದ್ದನ್ನು ಇತಿಹಾಸ ಅದರ ಮೇಲೆ ಹೇರಿತು.

1991ರಲ್ಲಿ ಯುದ್ಧ ಶುರುವಾದ ವರ್ಷ ಬಂದ ಆಲ್ಬಮ್ಮಿನ ಹೆಸರು ‘ದುಮ್ ದುಮ್’. ಡ್ರಮ್ಮಿನ ಸದ್ದಿನ ಹಾಗೆ ಕೇಳುವ ಈ ಪದ ಅಲ್ಲಿಯ ಭಾಷೆಯಲ್ಲಿ ದೇಹದೊಳಗೆ ಹೊಕ್ಕೊಡನೆ ಅಗಲವಾಗುವ ಗುಂಡನ್ನೂ ನೆನಪಿಗೆ ತರುತ್ತದೆ. ಆ ಗುಂಡು ಹುಟ್ಟಿದ್ದು ನಮ್ಮಲ್ಲಿ. ಕೋಲ್ಕತ್ತದ ವಿಮಾನ ನಿಲ್ದಾಣವಿರುವ ದಮ್‌ದಮ್‌ನ ಶಸ್ತ್ರಾಗಾರದಲ್ಲಿ 1890ರ ದಶಕದಲ್ಲಿ ಬ್ರಿಟಿಷರು ಮಾಡಿದ್ದು. 1899ರ ಹೇಗ್ ಸಮ್ಮೇಳನ ಅದನ್ನು ನಿಷೇಧಿಸಿತು. ಬೆಲ್‌ಗ್ರೇಡ್ ಎಂದರೆ ಭಾರತದ ಹಿರಿಯರಿಗೆ 1961ರ ಅಲಿಪ್ತ ರಾಷ್ಟ್ರಗಳ ಸಮ್ಮೇಳನ, ನೆಹರೂ ಮತ್ತು ಟಿಟೋ ನೆನಪಾಗುತ್ತಾರೆ. ನನಗೆ ಇನ್ನು ಮುಂದೆ ಈ ದಮ್‌ದಮ್ಮೂ ನೆನಪಾಗುತ್ತದೆ.

ಮಧ್ಯಾಹ್ನ ಗಣರಾಜ್ಯ ಚೌಕದಲ್ಲಿ ನಿಂತೆವು. ಕಲ್ಲುಹಾಸು ಹೊಸದು, ಮಿಹಾಯ್ಲೊ ದೊರೆಯ ಕುದುರೆ ಹಳೆಯದು. 1992ರ ಆರಂಭದಲ್ಲಿ ಎಕತರೀನಾ ವೆಲಿಕಾ, ಎಲೆಕ್ತ್ರಿಚ್ನಿ ಒರ್ಗಜಾಮ್, ಪಾರ್ತಿಬ್ರೇಕರ್ಸ್ ಎಂಬ ಮೂರು ತಂಡಗಳವರು ಸೇರಿ ‘ರಿಮ್‌ತುತಿತುಕಿ’ ಎಂಬ ಹೆಸರಿನಲ್ಲಿ ಯುದ್ಧವಿರೋಧಿ ಹಾಡೊಂದನ್ನು ಮಾಡಿದರು. ಹೆಸರು ಕೇಳಿದರೆ ಮಕ್ಕಳ ಆಟದ ಪದದಂತಿದೆ. ಅಕ್ಷರಗಳನ್ನು ಹಿಂದುಮುಂದು ಮಾಡಿ ಗುಟ್ಟಿನ ಮಾತಾಡುವ ಬೀದಿಭಾಷೆ ಅಲ್ಲಿ ಉಂಟು, ನಾವು ಶಾಲೆಯಲ್ಲಿ ‘ಕ’ ಸೇರಿಸಿ ಆಡುತ್ತಿದ್ದ ಹಾಗೆ. ಬಿಡಿಸಿದರೆ ಇಲ್ಲಿ ಬರೆಯಲಾಗದ ಬೈಗುಳ. ಈ ಚೌಕದಲ್ಲಿ ಹಾಡಲು ಅನುಮತಿ ಸಿಗದಿದ್ದಾಗ, ಮಾರ್ಚ್ 8ರಂದು ಲಾರಿಯ ಮೇಲೆ ಸ್ಪೀಕರು, ಡ್ರಮ್ಸು ಏರಿಸಿ, ಊರ ಬೀದಿಗಳಲ್ಲಿ ಸುತ್ತುತ್ತ ಹಾಡಿದರು. ಒಂದು ಕಡೆ ನಿಂತು ಹಾಡಿದರೆ ಸಭೆಯಾಗುತ್ತದೆ, ಓಡುವ ಲಾರಿ ಸಭೆಯಾಗುವುದಿಲ್ಲ. ಏಪ್ರಿಲ್ 22ರಂದು ಇದೇ ಚೌಕದಲ್ಲಿ ‘ನಮ್ಮನ್ನು ಲೆಕ್ಕಕ್ಕೆ ಹಿಡಿಯಬೇಡಿ’ ಎಂಬ ಹೆಸರಿನ ಶಾಂತಿ ಕಛೇರಿ ನಡೆದು ಸುಮಾರು 50,000 ಜನ ಸೇರಿದರು. ಅಷ್ಟರಲ್ಲಿ ಮಿಲಾನ್ ಬಾಲ್ಯ ಕಳೆದ ಸರಾಯೆವೊ ಮುತ್ತಿಗೆಯಲ್ಲಿತ್ತು. ಕಛೇರಿಯಿಂದ ಯುದ್ಧ ನಿಲ್ಲಲಿಲ್ಲ. ಆದರೆ ಆ ಊರಿನ ಎಲ್ಲರೂ ಯುದ್ಧ ಬಯಸಿದ್ದರು ಎಂದು ಹೇಳುವವರ ಮುಂದೆ ಆ ಲಾರಿ ಇಂದಿಗೂ ಅಡ್ಡ ನಿಲ್ಲುತ್ತದೆ.

ಆರನೆಯ ದಿನ: ನವೆಂಬರ್ 4, ಸೋಮವಾರ

ಬಸ್ಸಿನಲ್ಲಿ ಒಂದೂವರೆ ತಾಸಿನ ದಾರಿಯ ನೊವಿ ಸಾದ್‌ಗೆ ಹೋಗಿ ಬಂದೆವು. ರೈಲು ಹಳಿಯ ಕೆಲಸ ನಡೆಯುತ್ತಿತ್ತು. ಹೋದದ್ದು ಅಲ್ಲಿ ಹುಟ್ಟಿದ ಮಿತಾರ್ ಸುಬೊತಿಚ್‌ಗಾಗಿ. ‘ಸುಬಾ’ ಎಂದು ಹೆಸರಾದ ಈತ ವಿದ್ಯುನ್ಮಾನ ಸಂಗೀತದಲ್ಲಿ ಪಳಗಿದವ, ಎಕತರೀನಾ ವೆಲಿಕಾದ ಧ್ವನಿಮುದ್ರಣಗಳಲ್ಲಿ ನಿರ್ಮಾಪಕನಾಗಿ ದುಡಿದವ. 1990ರಲ್ಲಿ ಬ್ರೆಜಿಲ್‌ನ ಸಾವ್ ಪಾವ್ಲೊಗೆ ಹೋಗಿ ನೆಲೆಸಿದ. 1994ರಲ್ಲಿ ಮಿಲಾನ್ ಅಲ್ಲಿಗೆ ಹೋಗಿ ಸುಬಾ ಜೊತೆ ‘ಏಂಜಲ್ಸ್ ಬ್ರೆತ್’ ಎಂಬ ಆಲ್ಬಮ್ ಮಾಡಿದ; ಬಾಲ್ಕನ್ ಗಾಯಕನ ಸುತ್ತ ಬ್ರೆಜಿಲ್‌ನ ತಾಳವಾದ್ಯಗಳು. ದಿಗ್ಬಂಧನದ ಬೆಲ್‌ಗ್ರೇಡಿನಿಂದ ಹೊರಗೆ ಅವನ ಸ್ವರ ಉಸಿರು ಬಿಟ್ಟು ಹಾಡಿದಂತೆ ಕೇಳುತ್ತದೆ. ಸುಬಾ 1999ರ ನವೆಂಬರಿನಲ್ಲಿ ಸಾವ್ ಪಾವ್ಲೊದ ತನ್ನ ಸ್ಟುಡಿಯೊಗೆ ಬಿದ್ದ ಬೆಂಕಿಯಲ್ಲಿ ಸತ್ತ.

ಊರಿನಲ್ಲಿ ನನ್ನ ಐವತ್ತು ಸಾವಿರ ಕೋಟಿಯ ಕವಿ ಜ್ಮಾಯ್‌ನ ಹೆಸರಿನದೇ ಬೀದಿ, ಅದರ ತುದಿಯಲ್ಲಿ ಅವನದೇ ಪ್ರತಿಮೆ. ನೋಟನ್ನು ಎದುರು ಹಿಡಿದು ಗಡ್ಡ ಹೋಲಿಸಿ ನೋಡಿದೆವು. ಡ್ಯಾನ್ಯೂಬಿನ ಆಚೆ ಪೆತ್ರೊವರಾದಿನ್ ಕೋಟೆಯ ಗಡಿಯಾರದಲ್ಲಿ ದೊಡ್ಡ ಮುಳ್ಳು ಗಂಟೆಯನ್ನೂ ಚಿಕ್ಕ ಮುಳ್ಳು ನಿಮಿಷವನ್ನೂ ತೋರಿಸುತ್ತದೆ. ದೂರದ ದೋಣಿಯವರಿಗೆ ಗಂಟೆ ಕಂಡರೆ ಸಾಕು. ಅದನ್ನು ಮರೆತು ಮೂರು ಹತ್ತನ್ನು ಎರಡೂಕಾಲು ಎಂದು ಓದಿ, ನಾವು ಅಂದುಕೊಂಡಿದ್ದ ಬಸ್ಸನ್ನು ತಪ್ಪಿಸಿಕೊಂಡೆ. ‘ಗಡಿಯಾರ ನೋಡಾಕ ಬರಂಗಿಲ್ಲ, ದೇಶದ ಚರಿತ್ರೆ ಬರೀತಾರಂತ’ ಎಂದು ಇವಳು ಮುಂದಿನ ಬಸ್ಸು ಬರುವವರೆಗೂ ಆಡಿಕೊಂಡಳು.

ಏಳನೆಯ ದಿನ: ನವೆಂಬರ್ 5, ಮಂಗಳವಾರ

ಮಿಲಾನ್ ಸತ್ತು ಆ ದಿನಕ್ಕೆ 25 ವರ್ಷ. ರಾತ್ರಿ ವಿಮಾನ, ಮಧ್ಯಾಹ್ನದವರೆಗೆ ಸಮಯವಿತ್ತು. ಯುವಜನ ಭವನದ ಮುಂದಿನ ಅವನ ಚೌಕಕ್ಕೆ ಮತ್ತೆ ಹೋದೆವು. ಹನಿ ಮಳೆ. ಗೋಡೆಯ ಬಳಿ ಗಾಜಿನ ಲೋಟದೊಳಗಿಟ್ಟ ಎರಡು ಬತ್ತಿಗಳಿದ್ದವು, ಒಂದು ಆರಿತ್ತು. ನಡುವಯಸ್ಸಿನ ಒಬ್ಬಾತ ಕೊಡೆ ಹಿಡಿದು ನಿಂತಿದ್ದ. ನಾವು ಯಾಕೆ ಬಂದೆವೆಂದು ತಿಳಿದ ಮೇಲೆ ಅವನೇ ಮಾತು ತೆಗೆದ. 1987ರಲ್ಲಿ ತಾನು ಸೈನ್ಯದಲ್ಲಿದ್ದಾಗ ಬ್ಯಾರಕ್ಕಿನಲ್ಲಿ ಮೆಸಿಡೋನಿಯಾದವನೊಬ್ಬ, ಸ್ಲೊವೇನಿಯಾದವನೊಬ್ಬ, ತಾನು, ಮೂವರೂ ಒಂದೇ ಕ್ಯಾಸೆಟ್ಟನ್ನು ಸರದಿಯ ಮೇಲೆ ಕೇಳುತ್ತಿದ್ದೆವು ಎಂದ. ‘ಕ್ಯಾಸೆಟ್ ಯಾರ ಬಳಿ ಉಳಿಯಿತು?’ ಎಂದು ಕೇಳಿದೆ. ‘ಸ್ಲೊವೇನಿಯಾದವನು ಒಯ್ದ. ಅವರದೇ ಕಂಪನಿಯ ಮುದ್ರಿಕೆ ಅಲ್ಲವೇ’ ಎಂದು ನಕ್ಕು, ಬೆಂಕಿಪೆಟ್ಟಿಗೆ ತೆಗೆದು ಆರಿದ ಬತ್ತಿಯನ್ನು ಹಚ್ಚಲು ಬಗ್ಗಿದ.

ಸಂಜೆ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನನ್ನ ಕೈಚೀಲ ಪಕ್ಕಕ್ಕೆ ಬಂತು. ಸಮವಸ್ತ್ರದ ಯುವತಿ ಎರಡು ಸ್ವೆಟರುಗಳ ನಡುವಿನಿಂದ ಚೌಕದ ಪೊಟ್ಟಣವನ್ನು ಹೊರತೆಗೆದು, ಹಾಳೆ ಬಿಡಿಸಿ ಹೊದಿಕೆಯನ್ನು ನೋಡಿದಳು. ಹಿಂದೆ ತಿರುಗಿಸಿ ಕೆಳಗಿನ ಸಣ್ಣಕ್ಷರಗಳನ್ನು ಓದಿದಳು.

‘ಲ್ಜುಬಾವ್’ ಎಂದೆ, ವಿವರಣೆ ಕೊಡಬೇಕಾದೀತೆಂದು.

‘ಲ್ಯುಬಾವ್’ ಎಂದಳು ಆಕೆ. ತಟ್ಟೆ ಬಾಗದಂತೆ ಅದನ್ನು ಮತ್ತೆ ಎರಡು ಸ್ವೆಟರುಗಳ ನಡುವೆಯೇ ಇಟ್ಟು ಜಿಪ್ ಎಳೆದಳು.